ಪಾಸ್‌ವರ್ಡ್ ಅಮ್ಮನ ಹತ್ತಿರ ಇರಲಿ

ಅಕ್ಕನ ಮಗಳು ಮೊನ್ನೆ ಫೋನ್ ಮಾಡಿದ್ದಳು. ಲ್ಯಾಪ್‌ಟಾಪಿಗೆ ಹೊಸ ಮದರ್‌ಬೋರ್ಡ್ ಹಾಕಿಸಿ ತಂದಿದ್ದಾಳೆ. ಆನ್ ಮಾಡಿದರೆ ನೀಲಿ ಪರದೆ, 48 ಅಂಕಿಗಳ ಕೀ ಕೊಡು ಅನ್ನುತ್ತದೆ. "ಮಾವ, ನಾನು ಯಾವ ಬೀಗಾನೂ ಹಾಕಿಲ್ಲ. ಕೀ ಎಲ್ಲಿಂದ ತರ್ಲಿ?" ಕೀ ಅವಳ ಮೈಕ್ರೋಸಾಫ್ಟ್ ಖಾತೆಯಲ್ಲೇ ಇತ್ತು, ಸಿಕ್ಕಿತು. ಈಗಿನ ವಿಂಡೋಸ್ 11 ಯಂತ್ರಗಳಲ್ಲಿ ಆ ಖಾತೆಯಿಂದ ಒಳಗೆ ಹೋದ ಮೇಲೆ ಡಿಸ್ಕಿಗೆ ತಾನಾಗಿ ಬೀಗ ಬೀಳುವುದುಂಟು. ಒಳ್ಳೆಯ ಏರ್ಪಾಡೇ. ಆದರೆ ಮಾರಿದವರು ಅದನ್ನು ಅವಳಿಗೆ ಹೇಳಲಿಲ್ಲ, ರಿಪೇರಿ ಮಾಡಿದವರೂ ಹೇಳಲಿಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಾನು ಕೆಲಸ ಕಲಿತ ಅಂಗಡಿಯಲ್ಲಿ ಹಾಗೆ ನಡೆಯುತ್ತಿರಲಿಲ್ಲ.

ಅಂಗಡಿ ಸಣ್ಣದು. ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ರಾತ್ರಿ ಬಸ್ಸಿಗೆ ಪಾರ್ಸೆಲ್ ಬರುತ್ತಿದ್ದವು. ಯಜಮಾನರನ್ನು ನಾವು ಹುಡುಗರೆಲ್ಲ ಗುರುಗಳು ಅನ್ನುತ್ತಿದ್ದೆವು. ಮೊದಲು ರೇಡಿಯೊ, ಟಿ.ವಿ. ರಿಪೇರಿ ಮಾಡಿಕೊಂಡಿದ್ದವರು. ಕ್ಯಾಬಿನೆಟ್ ಬಿಚ್ಚಿದ ಕೂಡಲೇ ಅದು ಯಾರ ಮನೆಯದೆಂದು ಮೂಗಿನಿಂದಲೇ ಹೇಳಿಬಿಡುತ್ತಿದ್ದರು. ದೇವರ ಕೋಣೆಯ ಪಕ್ಕದಲ್ಲಿಟ್ಟದ್ದಕ್ಕೆ ಕರ್ಪೂರದ ಮಸಿ ಹಿಡಿದಿರುತ್ತಿತ್ತು. ಅಡಿಕೆ ಮಂಡಿಯವರದಾದರೆ ಫ್ಯಾನಿನ ರೆಕ್ಕೆಗೆಲ್ಲ ಕೆಂಪು ದೂಳು. ಎಸ್‌ಎಂಪಿಎಸ್ ಬಿಸಿಯಾದರೆ ಅದರಿಂದ ಒಗರು ವಾಸನೆ ಏಳುತ್ತಿತ್ತು, ಅಂಗಳದ ಒಲೆಯ ಮೇಲೆ ಅಡಿಕೆಯ ಚೊಗರು ಕುದಿಯುವಾಗಿನ ವಾಸನೆ. ಈಗಲೂ ಎಲ್ಲಾದರೂ ಅಡಿಕೆ ಬೇಯಿಸುತ್ತಿದ್ದರೆ ನನಗೆ ಮೊದಲು ನೆನಪಾಗುವುದು ಆ ಮೇಜು, ಆ ಬ್ರಷ್ಷು, ಗುರುಗಳ ಕನ್ನಡಕ.

2003ರ ಆಗಸ್ಟ್, ಬ್ಲಾಸ್ಟರ್ ಎಂಬ ಕಂಪ್ಯೂಟರ್ ಹುಳು ಬಂದ ತಿಂಗಳು. ಡಯಲಪ್ ಕಿರುಗುಟ್ಟಿ ಇಂಟರ್‌ನೆಟ್ ಹತ್ತಿತು ಅನ್ನುವಷ್ಟರಲ್ಲಿ ಪರದೆಯ ಮೇಲೆ 60 ಸೆಕೆಂಡಿನ ಎಣಿಕೆ ಶುರುವಾಗಿ, ಯಂತ್ರ ತಾನೇ ರಿಸ್ಟಾರ್ಟ್ ಆಗುತ್ತಿತ್ತು. ಮೈಕ್ರೋಸಾಫ್ಟ್ ಹಿಂದಿನ ತಿಂಗಳೇ ಪ್ಯಾಚ್ ಕೊಟ್ಟಿತ್ತು. ಅದನ್ನು ಇಳಿಸಿಕೊಳ್ಳುವಷ್ಟು ಹೊತ್ತು ಯಂತ್ರ ನಿಂತರೆ ತಾನೆ? ಗುರುಗಳು ಸಿಡಿಗಳ ಪೆಟ್ಟಿಗೆ ಮುಟ್ಟಲಿಲ್ಲ. ಕನೆಕ್ಷನ್ನಿನ ಪ್ರಾಪರ್ಟೀಸ್ ತೆಗೆದು, ಅಡ್ವಾನ್ಸ್ಡ್‌ಗೆ ಹೋಗಿ, ಒಂದು ಚೌಕಕ್ಕೆ ಟಿಕ್ ಹಾಕಿದರು. ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಮೊದಲ ದಿನದಿಂದ ಇತ್ತು. ಯಾರೂ ಎಬ್ಬಿಸಿರಲಿಲ್ಲ, ಅಷ್ಟೆ. ಆಮೇಲೆ ನಿಧಾನಕ್ಕೆ ಪ್ಯಾಚು, ಹುಳು ತೆಗೆಯುವ ಟೂಲು. ಮರುವರ್ಷ ಸರ್ವಿಸ್ ಪ್ಯಾಕ್ 2 ಬಂದು ಫೈರ್‌ವಾಲನ್ನು ತಾನೇ ಆನ್ ಮಾಡಿತು. ಆ ಟಿಕ್ ಹಾಕುವ ಕೆಲಸ ನಮ್ಮ ಕೈಯಿಂದ ಹೋಯಿತು.

ಆ ಕಾಲದ ಒಂದು ಚೌಕಾಸಿ ಹೇಳಬೇಕು. ಮಂಡಿ ಸಾವ್ಕಾರ್ರೊಬ್ಬರು ಮನೆಗೆ ಕಂಪ್ಯೂಟರ್ ಜೋಡಿಸಿ ಕೊಡಿ ಅಂದರು. ಅವರಿಗೆ ಲೆಕ್ಕ ಬರೆಯುವ ಟ್ಯಾಲಿ, ಮಕ್ಕಳಿಗೆ ಗೇಮು. ಐನೂರು ರೂಪಾಯಿ ಇಳಿಸದೆ ಏಳುವುದಿಲ್ಲವೆಂದು ಕೂತರು. ಗುರುಗಳು, "ದುಡ್ಡು ಬಿಡಕ್ಕಾಗಲ್ಲ ಮಾರಾಯ್ರೆ. ಭಾನುವಾರ ಮನೆಗೆ ಬಂದು ಎರಡು ಗಂಟೆ ಕೂತ್ಕೋತೀನಿ. ಮನೆಯವ್ರೆಲ್ಲ ಇರ್ಬೇಕು" ಅಂದರು.

ಭಾನುವಾರ ನಾನೂ ಹೋಗಿದ್ದೆ. ಅಡ್ಮಿನಿಸ್ಟ್ರೇಟರ್ ಖಾತೆ ಬೇರೆ, ಮನೆಯವರಿಗೆಲ್ಲ ಲಿಮಿಟೆಡ್ ಖಾತೆ. ಆ ಖಾತೆಯಲ್ಲಿ ಟ್ಯಾಲಿ ಮುಷ್ಕರ ಹೂಡಿತು. ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಟ್ಟು ಎಲ್ಲರನ್ನೂ ಅಡ್ಮಿನ್ ಮಾಡಿ ಎದ್ದು ಬರುತ್ತಿದ್ದರು. ಗುರುಗಳು ಫೋಲ್ಡರ್ ಆಪ್ಷನ್ಸ್‌ನಲ್ಲಿ ಸಿಂಪಲ್ ಫೈಲ್ ಶೇರಿಂಗಿನ ಟಿಕ್ ತೆಗೆದರು. ಅದುವರೆಗೆ ಮರೆಯಾಗಿದ್ದ ಸೆಕ್ಯುರಿಟಿ ಟ್ಯಾಬ್ ಎದುರಿಗೆ ಬಂತು. ಟ್ಯಾಲಿಯ ಒಂದು ಫೋಲ್ಡರಿಗೆ ಮಾತ್ರ ಬರೆಯುವ ಅನುಮತಿ ಕೊಟ್ಟರು. ಸೇಫ್ ಮೋಡಿಗೆ ಹೋದರೆ ಪಾಸ್‌ವರ್ಡಿಲ್ಲದೆ ಕಾಣಿಸುವ ಇನ್ನೊಂದು ಅಡ್ಮಿನಿಸ್ಟ್ರೇಟರ್ ಇತ್ತಲ್ಲ, ಅದಕ್ಕೂ ಪಾಸ್‌ವರ್ಡ್ ಬಿತ್ತು. ಆಟೋರನ್ ಬಂದ್. ಫೈಲಿನ ಬಾಲ ಕಾಣುವ ಹಾಗೆ ಮಾಡಿ ಮಗನಿಗೆ ತೋರಿಸಿದರು: ಪೆನ್‌ಡ್ರೈವಿನಲ್ಲಿ ಫೋಲ್ಡರಿನ ಚಿತ್ರ ಹೊತ್ತುಕೊಂಡು ಬಂದದ್ದರ ಹೆಸರಿನ ಕೊನೆಗೆ ಡಾಟ್ ಇಎಕ್ಸ್ಇ ಇದ್ದರೆ ಅದು ಫೋಲ್ಡರಲ್ಲ, ಮುಟ್ಟಬೇಡ.

ಕೊನೆಗೆ ಅಡ್ಮಿನ್ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಕಂಪ್ಯೂಟರ್ ಮುಟ್ಟದ ಮನೆಯೊಡತಿಗೆ ಕೊಟ್ಟರು. "ಅಮ್ಮಾ, ಇದು ನಿಮ್ಮ ಹತ್ರ ಇರ್ಲಿ. ಯಾರೇ ಕೇಳಿದ್ರೂ ಯಾಕೆ ಅಂತ ಕೇಳಿ, ಆಮೇಲೆ ಕೊಡಿ." ಸಾವ್ಕಾರ್ರ ಮುಖ ಗಂಟಿಕ್ಕಿತು. ಅಮ್ಮ ಚೀಟಿಯನ್ನು ಸಾಸಿವೆ ಡಬ್ಬದೊಳಗಿಟ್ಟರು. ಆ ಮನೆಯ ಯಂತ್ರ ಫಾರ್ಮ್ಯಾಟಿಗೆಂದು ನಮ್ಮಲ್ಲಿಗೆ ಬಂದದ್ದು ನನಗೆ ನೆನಪಿಲ್ಲ.

ಹಾಗೆಂದು ಆ ಕಾಲವೇ ಚೆಂದ ಅಂದರೆ ಸುಳ್ಳಾಗುತ್ತದೆ. ಊರೂರಲ್ಲಿ ಓಡುತ್ತಿದ್ದದ್ದು ನಕಲಿ ಸಿಡಿಯ ವಿಂಡೋಸು. ಅಪ್‌ಡೇಟ್ ಆದರೆ ನಕಲಿಯೆಂದು ಗೊತ್ತಾದೀತು ಎಂಬ ಭಯಕ್ಕೆ ಅಪ್‌ಡೇಟೇ ಆಫ್. ವೈರಸ್ ಬಂದರೆ ಫಾರ್ಮ್ಯಾಟು, ಫಾರ್ಮ್ಯಾಟಿಗೆ ದುಡ್ಡು. ಎಷ್ಟೋ ಅಂಗಡಿಗಳ ಒಲೆ ಉರಿದದ್ದು ಆ ದುಡ್ಡಿನಿಂದ. ಗುರುಗಳಂಥವರು ಬೆರಳೆಣಿಕೆ. 2007ರಲ್ಲಿ ವಿಸ್ಟಾ ಬಂದು ಏನು ಮಾಡಹೋದರೂ ಒಪ್ಪಿಗೆ ಕೇಳತೊಡಗಿತು, ಜನ ಬೈದರು, ಆದರೆ ಅದು ಸರಿಯಾದ ಹೆಜ್ಜೆ. 2012ರ ವಿಂಡೋಸ್ 8ರಿಂದ ವೈರಸ್ ತಡೆಯುವ ಡಿಫೆಂಡರ್ ಒಳಗೇ ಬಂತು. ಇವತ್ತು ಯಾರೂ ಕೈಹಚ್ಚದ ಯಂತ್ರ ಕೂಡ ಅಂದಿನದಕ್ಕಿಂತ ಎಷ್ಟೋ ಗಟ್ಟಿ.

ಗಟ್ಟಿಯಾದದ್ದು ಯಂತ್ರ. ಅದರ ಮುಂದೆ ಕೂತವರಿಗೆ ಏನನ್ನೂ ಹೇಳಿಕೊಡದೆ ಬಿಟ್ಟಿದ್ದೇವೆ. ನನಗೆ ಸಿಟ್ಟು ಬರುವುದು ಅದಕ್ಕೇ. ಅಂಗಡಿಗೆ ಹೋದರೆ ಲ್ಯಾಪ್‌ಟಾಪಿನ ಜೊತೆ ಆಂಟಿವೈರಸ್ ಡಬ್ಬಿ ಕೈಗಿಡುತ್ತಾರೆ. ಒಳಗೇ ಒಂದಿದೆ ಅಂತ ಬಾಯಿಬಿಡುವುದಿಲ್ಲ. ಮನೆಯವರು ಬಳಸುವ ಮೊದಲ ಖಾತೆ ಇಂದಿಗೂ ಅಡ್ಮಿನಿಸ್ಟ್ರೇಟರೇ. ಒತ್ತೆಹಣ ಕೇಳುವ ವೈರಸ್ಸಿನಿಂದ ಫೋಟೊ, ಕಾಗದಪತ್ರ ಕಾಯಲು 2017ರಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಬಂತು. ಅದಿನ್ನೂ ಆಫ್ ಆಗಿಯೇ ಬರುತ್ತದೆ, ಅಂದಿನ ಫೈರ್‌ವಾಲಿನ ಹಾಗೆ. ಇನ್ನು, ಬ್ಯಾಂಕಿನಿಂದ ಅಂತ ಫೋನ್ ಮಾಡಿ, ಪರದೆ ಹಂಚುವ ಆ್ಯಪನ್ನು ಹಿರಿಯರ ಕೈಯಿಂದಲೇ ಹಾಕಿಸುವ ಕಳ್ಳರು. ಮಾಲೀಕರೇ ಹೂಂ ಅಂದ ಮೇಲೆ ಯಂತ್ರ ಏನು ಮಾಡೀತು? ಅಂಥ ಕೆಲವು ಆ್ಯಪ್‌ಗಳು ಅಡ್ಮಿನ್ ಪಾಸ್‌ವರ್ಡಿಲ್ಲದೆಯೂ ಓಡುತ್ತವೆ, ನಿಜ. ಆದರೂ ಎದ್ದು ಅಡುಗೆಮನೆಗೆ ಹೋಗಿ, "ಯಾಕೆ?" ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದ ಮನೆಯಲ್ಲಿ ಕಳ್ಳನ ಫೋನು ಅಷ್ಟು ಸುಲಭವಾಗಿ ಗೆಲ್ಲುತ್ತಿರಲಿಲ್ಲ.

ವಿಂಡೋಸ್ 11ರಲ್ಲೂ ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ಗೆ ಹೋದರೆ ಎರಡನೇ ಖಾತೆ ಮಾಡುವುದು ಐದು ನಿಮಿಷದ ಕೆಲಸ. ಬ್ಯಾಗು, ಮೌಸು ಪುಕ್ಕಟೆ ಕೊಡುವ ಅಂಗಡಿಯವರು ಆ ಐದು ನಿಮಿಷಕ್ಕೆ ಬೇಕಾದರೆ ಬಿಲ್ಲೇ ಹಾಕಲಿ. ಆದರೆ ಮನೆಯವರನ್ನು ಎದುರಿಗೆ ಕೂರಿಸಿಕೊಂಡು ಮಾಡಿಕೊಡಲಿ.