ತಂಗಿಯ ಮಗಳು ಹೇಳಿದ ಪ್ರೊಫೆಸರ್ ಕಥೆ

ಮದ್ರಸದಲ್ಲಿ ಕಲಿತು, ಆಮೇಲೆ ಅಂಚೆ ಶಿಕ್ಷಣದಲ್ಲಿ ಬಿ.ಎ. ಮಾಡಿಕೊಂಡ ಶಿಕ್ಷಕ ನಾನು. ಕಂಪ್ಯೂಟರ್ ಬಗ್ಗೆ ಬರೆಯ ಹೊರಟಿದ್ದೇನೆಂದು ನಗಬೇಡಿ.

ಕಳೆದ ರಜೆಯಲ್ಲಿ ಹೊಣಕೆರೆಯಿಂದ ತಂಗಿ ಫೋನ್ ಮಾಡಿದಳು. "ಭಾಯಿಜಾನ್, ಇವಳಿಗೆ ಸ್ವಲ್ಪ ಬುದ್ಧಿ ಹೇಳಿ. ಬಿ.ಇ. ಮುಗೀತು, ಕೆಲಸವೂ ಸಿಕ್ಕಿದೆ. ಅದು ಬೇಡವಂತೆ, ಇನ್ನೂ ಓದಬೇಕಂತೆ!"

ಬುದ್ಧಿ ಹೇಳಲೆಂದೇ ಹೋದೆ. ಹುಡುಗಿ ಚಹಾದ ಜೊತೆ ಅಂಗೈಯಗಲದ ಹಸಿರು ಹಲಗೆಯೊಂದನ್ನು ತಂದು ಮುಂದಿಟ್ಟಳು. ಅದರ ನಡುವೆ ಕಪ್ಪು ಚಿಪ್. ಹೆಸರು ಎಫ್‌ಪಿಜಿಎ.

"ಮಾಮೂ, ಬೇರೆ ಚಿಪ್‌ಗಳು ಕಾರ್ಖಾನೆಯಲ್ಲಿ ಹೇಗಾದವೋ ಕೊನೇವರೆಗೂ ಹಾಗೇ. ಇದರೊಳಗಿನ ದಾರಿಗಳನ್ನು ನಾವೇ ಬದಲಿಸಬಹುದು."

ನನಗೆ ತಿಳಿಯಲಿಲ್ಲ. ಅವಳು ಕಿಟಕಿಯಾಚೆ ತೋರಿಸಿದಳು. ಅವಳ ಅಬ್ಬಾ ತೆಂಗಿನ ಸಸಿಗಳಿಗೆ ನೀರು ಹಾಯಿಸುತ್ತಿದ್ದರು. ಅದೇ ನೀರು, ಅದೇ ಕಾಲುವೆ. ಗುದ್ದಲಿಯಿಂದ ಇಲ್ಲಿ ಮಣ್ಣು ಮುಚ್ಚಿ ಅಲ್ಲಿ ಬಿಡಿಸಿದರೆ ಬೇರೊಂದು ಪಾತಿಗೆ ಹರಿಯುತ್ತದೆ. ಅಷ್ಟೇ ಎಂದಳು.

ಅಮೆರಿಕದ ಜೆರಾಲ್ಡ್ ಎಸ್ಟ್ರಿನ್ ಈ ಆಲೋಚನೆ ಮುಂದಿಟ್ಟದ್ದು 1960ರಲ್ಲಿ. ಕ್ಸೈಲಿಂಕ್ಸ್ ಕಂಪೆನಿಯ ಇಂಥ ಚಿಪ್ ಬಂದದ್ದು 1985ರಲ್ಲಿ.

"ಇದನ್ನು ಓದಿ ಬಾಳಿದವರು ಯಾರಮ್ಮಾ?" ನನ್ನ ಪ್ರಶ್ನೆಯಲ್ಲಿ ಕೊಂಕೂ ಇತ್ತೆನ್ನಿ.

ಅವಳು ಹೇಳಿದ ಹೆಸರು ವಿಕ್ಟರ್ ಪ್ರಸನ್ನ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿದವರು. ಅಲ್ಲಿಗೇ ನಿಲ್ಲಿಸದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ, 1983ರಲ್ಲಿ ಅಮೆರಿಕದ ಪೆನ್‌ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು, ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1988ರಲ್ಲಿ, ಅಂದರೆ ಆ ಚಿಪ್ ಬಂದ ಮೂರೇ ವರ್ಷಕ್ಕೆ, ಸಂಪರ್ಕದ ದಾರಿಗಳನ್ನು ಬದಲಿಸಿಕೊಳ್ಳುವ ಗಣಕ ಜಾಲದ ಬಗ್ಗೆ ಸಂಗಡಿಗರೊಂದಿಗೆ ಪ್ರಬಂಧ ಬರೆದರು.

2001ರ ಇನ್ನೊಂದು ಕೆಲಸವನ್ನು ಅವಳು ಕಣ್ಣರಳಿಸಿ ವಿವರಿಸಿದಳು. ದೊಡ್ಡ ಬರಹದಲ್ಲಿ ಒಂದು ಪದವಿನ್ಯಾಸ ಹುಡುಕಬೇಕು. ಸಾಮಾನ್ಯ ಕಂಪ್ಯೂಟರ್ ಒಂದೊಂದೇ ಹೆಜ್ಜೆಯಿಟ್ಟು ಹುಡುಕುತ್ತದೆ. ಪ್ರಸನ್ನ ಮತ್ತು ಅವರ ಶಿಷ್ಯರು ಹುಡುಕಬೇಕಾದ ವಿನ್ಯಾಸವನ್ನೇ ಚಿಪ್ಪಿನೊಳಗಿನ ಮಂಡಲವಾಗಿಸಿದರು. ಅಕ್ಷರಗಳು ಹರಿದು ಬರುವಾಗ ಮಂಡಲದ ಎಲ್ಲ ಭಾಗಗಳೂ ಒಟ್ಟಿಗೇ ನೋಡುತ್ತವೆ. ಜಾಲದಲ್ಲಿ ನುಸುಳುವ ಕಳ್ಳರನ್ನು ಹಿಡಿಯಲೂ ಈ ಉಪಾಯ ಬೇಕಂತೆ. 2015ರಲ್ಲಿ ಅವರಿಗೆ ಐಇಇಇ ಕಂಪ್ಯೂಟರ್ ಸೊಸೈಟಿಯ ಮ್ಯಾಕ್‌ಡೊವೆಲ್ ಪ್ರಶಸ್ತಿ ಬಂತು.

ಪ್ರಶಸ್ತಿಗಿಂತ ನನ್ನನ್ನು ತಡೆದು ನಿಲ್ಲಿಸಿದ್ದು ನಡುವಿನ ವರ್ಷಗಳು. 1988ರಿಂದ 2015, ಇಪ್ಪತ್ತೇಳು! ನಾವಾದರೋ ಎರಡು ವರ್ಷದ ಎಂ.ಟೆಕ್‌ಗೆ ಮನೆಯಲ್ಲಿ ಪಂಚಾಯಿತಿ ಸೇರಿಸಿದ್ದೆವು. ಇನ್ನೊಂದು ಮಾತೂ ನೆನಪಾಯಿತು. ಮದ್ರಸ ಮುಗಿಸಿದವನಿಗೆ ಬಿ.ಎ. ಏಕೆಂದು ಎಲ್ಲರೂ ಕೇಳುತ್ತಿದ್ದಾಗ, ಕೋಳಿಮೊಟ್ಟೆ ಮಾರಿ ಕೂಡಿಟ್ಟ ಹಣವನ್ನು ನನ್ನ ಪರೀಕ್ಷಾ ಶುಲ್ಕಕ್ಕೆ ಕೊಟ್ಟವಳು ಇದೇ ತಂಗಿ.

ಹೊರಗೆ ಬಂದಾಗ ಅವಳು ಒಲೆಯ ಮುಂದಿನಿಂದಲೇ ಕೇಳಿದಳು, "ಒಪ್ಪಿದಳಾ ಭಾಯಿಜಾನ್?"

"ಅರ್ಜಿ ಹಾಕಲು ಕೊನೆಯ ದಿನ ಯಾವಾಗ ಅಂತ ಕೇಳಿಕೊಂಡು ಬಂದೆ" ಎಂದೆ.

ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು. ಮೂರನೆಯ ದಿನ ಫೋನ್ ಮಾಡಿದವಳು ಕೇಳಿದ್ದು ಒಂದೇ, "ಹಾಸ್ಟೆಲ್ ಖರ್ಚು ಎಷ್ಟಾಗತ್ತೆ?"