ಬಿಡಿ ಬಿಡಿಯಾಗಿ ಬಂದ ಕಾರು

"ಅಪ್ಪ, ಈ ಎರಡರಲ್ಲಿ ಯಾವುದು ತಗೊಳ್ಳಲಿ?" ಎಂದು ಮಗಳು ಕೇಳಿದಾಗ ನನಗೆ ಮೊದಲು ಖುಷಿಯೇ ಆಯಿತು. ಸೀರೆಯ ವಿಷಯದಲ್ಲಿ ಅಪ್ಪಂದಿರನ್ನು ಯಾರೂ ಕೇಳುವುದಿಲ್ಲ. ವಾಹನದ ವಿಷಯಕ್ಕಾದರೂ ನನ್ನ ನೆನಪಾಯಿತಲ್ಲ ಎಂದುಕೊಂಡು ಕನ್ನಡಕ ಹಾಕಿಕೊಂಡು ಅವಳು ತೋರಿಸಿದ ಚಿತ್ರಗಳನ್ನು ನೋಡಿದೆ. ಖುಷಿ ಅಲ್ಲಿಗೇ ನಿಂತಿತು. ಎರಡು ಕಾರಿಗೂ ಬಾಗಿಲಿಲ್ಲ, ಚಾವಣಿ ಇಲ್ಲ, ಇಬ್ಬರ ಮೇಲೆ ಮೂರನೆಯವರಿಗೆ ಜಾಗವಿಲ್ಲ. ಸಾಲದ್ದಕ್ಕೆ ಅವು ಕಾರಾಗಿ ಬರುವುದೂ ಇಲ್ಲವಂತೆ. ಪೆಟ್ಟಿಗೆಗಳಲ್ಲಿ ಬಿಡಿ ಬಿಡಿಯಾಗಿ ಬರುತ್ತವಂತೆ, ಜೋಡಿಸಿಕೊಳ್ಳುವುದು ನಮ್ಮ ಹಣೆಬರಹ.

"ದುಡ್ಡೂ ನಾವೇ ಕೊಟ್ಟು ಕೂಲೀನೂ ನಾವೇ ಮಾಡ್ಬೇಕಾ?" ಎಂದಳು ನನ್ನ ಹೆಂಡತಿ. ಮನೆ ಕೊಳ್ಳಲೆಂದೋ ಮದುವೆಗೆಂದೋ ಮಗಳು ಕೂಡಿಡುತ್ತಿದ್ದಾಳೆ ಎಂದು ನಂಬಿದ್ದ ಹಣ ಅದು.

ಇದು ನಡೆದದ್ದು 2017ರ ಮೇ ತಿಂಗಳಲ್ಲಿ, ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ಮಗಳು ಅಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ನಾವು ಗಂಡಹೆಂಡಿರು ಎರಡು ತಿಂಗಳ ಮಟ್ಟಿಗೆ ಹೋಗಿದ್ದೆವು. ಆ ಕಥೆ ಹೇಳಬೇಕಾದರೆ ಮೊದಲು ಗೆಜ್ಜಲಗೆರೆಗೆ ಬರಬೇಕು.

ಗೆಜ್ಜಲಗೆರೆ ಎಂದರೆ ನಿಮಗೆ ಹಾಲಿನ ಡೇರಿ ನೆನಪಾಗಬಹುದು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಮದ್ದೂರು ದಾಟಿ, ವಡೆಯ ಎಣ್ಣೆ ಇನ್ನೂ ಬೆರಳಲ್ಲಿರುವಾಗಲೇ ಸಿಗುವ ಊರು. ಆ ರಸ್ತೆಯ ಮಗ್ಗುಲಲ್ಲೇ ಬೆಳೆದವನು ನಾನು. ಯಾವ ಹೊಸ ವಾಹನ ರಸ್ತೆಗಿಳಿದರೂ ಅದರ ಸದ್ದು ನಮಗೆ ಬೇಗ ಗೊತ್ತಾಗುತ್ತಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ಸೇರಿ, 1987ರಲ್ಲಿ ಸೊಸೈಟಿ ಸಾಲ ಎತ್ತಿ ಬೈಕು ಕೊಳ್ಳಲು ಹೊರಟಾಗ ನನ್ನ ಮುಂದೆಯೂ ಇದೇ ಪ್ರಶ್ನೆ ಇತ್ತು: ಯಾವುದು? ಹೀರೋ ಹೋಂಡಾ ಮೈಲೇಜಿನ ಆಸೆ ತೋರಿಸುತ್ತಿತ್ತು. ಯಮಹಾ ಆರ್‌ಎಕ್ಸ್ 100ಕ್ಕೆ ಹುಡುಗರೆಲ್ಲ ಮರುಳಾಗಿದ್ದರು. ನಾನು ಯೆಜ್ಡಿ ತೆಗೆದುಕೊಂಡೆ. ನನ್ನ ತರ್ಕ ಸರಳವಾಗಿತ್ತು. ಕಾರ್ಖಾನೆ ಮೈಸೂರಿನಲ್ಲಿದೆ, ಬಾಗಿಲಲ್ಲಿದ್ದ ಹಾಗೆ. ಬಿಡಿಭಾಗಕ್ಕೆ ಬರವೆಲ್ಲಿ?

ಒಂಬತ್ತು ವರ್ಷಕ್ಕೆ, 1996ರಲ್ಲಿ, ಆ ಕಾರ್ಖಾನೆ ಮುಚ್ಚಿತು.

ಆದರೆ ಬೈಕು ನಿಲ್ಲಲಿಲ್ಲ ನೋಡಿ. ಮೈಸೂರು, ಮಂಡ್ಯದ ಮೆಕ್ಯಾನಿಕ್ಕುಗಳಿಗೆ ಯೆಜ್ಡಿ ಎಂದರೆ ಕಣ್ಣು ಮುಚ್ಚಿ ಬಿಚ್ಚುವ ಯಂತ್ರ. ಗುಜರಿಯಲ್ಲಿ ಒಂದು ಸತ್ತರೆ ಅದರ ಅಂಗಾಂಗದಿಂದ ಮೂರು ಬದುಕುತ್ತಿದ್ದವು. ಕ್ರಮೇಣ ನಾನೇ ಪಾನಾ ಹಿಡಿದೆ. ಪ್ರತಿ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಗೋಣಿತಾಟು ಹಾಸಿ, ಪ್ಲಗ್ಗು ತೆಗೆದು ಉಜ್ಜಿ, ಕಾರ್ಬ್ಯುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುವುದು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಬಿಚ್ಚಿದ ಸ್ಕ್ರೂಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸುತ್ತಿದ್ದವಳು ನನ್ನ ಮಗಳು. ಯೆಜ್ಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಕಡ್ಡಿ. ಅದು ಹೇಗೆ ಎರಡು ಕೆಲಸ ಮಾಡುತ್ತದೆಂದು ಆರನೇ ಕ್ಲಾಸಿನಲ್ಲಿ ಅವಳು ಕೇಳಿದ್ದಳು. ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಎರಡು ವಾರ ಬಿಟ್ಟು ಅವಳೇ ನನಗೆ ಹೇಳಿದಳು.

2008ರ ಸಿಇಟಿ ಕೌನ್ಸೆಲಿಂಗ್ ದಿನ ಪರದೆಯ ಮೇಲೆ ಖಾಲಿ ಸೀಟುಗಳ ಪಟ್ಟಿ ಓಡುತ್ತಿತ್ತು. ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಇತ್ತು. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಇತ್ತು. ಅವಳು ಮೊದಲನೆಯದಕ್ಕೆ ಬೆರಳು ತೋರಿಸಿದಳು. ಯೋಚಿಸಲು ಸಿಗುತ್ತಿದ್ದ ಆ ಒಂದೆರಡು ನಿಮಿಷದಲ್ಲಿ ನಾನು ಹೇಳಿದ್ದು ಇಷ್ಟೇ: "ಹೆಣ್ಣುಮಗಳು ಗ್ಯಾರೇಜಲ್ಲಿ ಕೂರೋಕಾಗುತ್ತೇನಮ್ಮ? ಕಂಪ್ಯೂಟರಿಗಾದ್ರೆ ನಾಳೆ ಬೆಲೆ ಇರುತ್ತೆ." ಅವಳು ಎದುರಾಡಲಿಲ್ಲ. ಬಸ್ಸಿನಲ್ಲಿ ರಾಮನಗರದವರೆಗೂ ಮಾತಾಡಲಿಲ್ಲ, ಅಷ್ಟೇ. ಆ ಮೇಲಿನ ಭಾನುವಾರಗಳಲ್ಲಿ ತಟ್ಟೆ ಹಿಡಿದು ಕೂರಲು ಬರಲೂ ಇಲ್ಲ. ಹಾಸ್ಟೆಲಿಗೆ ಹೋಗುವವಳು, ಓದಿಕೊಳ್ಳುವುದಿರುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಅದಿರಲಿ, ಕಾರಿಗೆ ಬರೋಣ. ಈ ಬಾಗಿಲಿಲ್ಲದ ಕಾರುಗಳ ಮೂಲಪುರುಷ ಲೋಟಸ್ ಸೆವೆನ್. ಕಾಲಿನ್ ಚಾಪ್‌ಮನ್ ಎಂಬ ಇಂಗ್ಲಿಷ್ ಎಂಜಿನಿಯರ್ 1957ರಲ್ಲಿ ಹೊರತಂದದ್ದು. ಎಂಜಿನ್ನಿನ ಶಕ್ತಿ ಹೆಚ್ಚಿಸುವ ಬದಲು ಕಾರಿನ ತೂಕ ಇಳಿಸು ಎಂಬುದು ಆತನ ದಾರಿ. ನಮ್ಮ ಮಂಡ್ಯ ಸೀಮೆಯಲ್ಲಿ ಎತ್ತಿನ ಗಾಡಿ ಓಟಕ್ಕೆ ಹೊಲದ ಗಾಡಿ ಕಟ್ಟದೆ ಹಗುರ ಗಾಡಿ ಕಟ್ಟುತ್ತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಆಗ ಅಲ್ಲಿ ಪೂರ್ತಿ ಕಾರು ಕೊಂಡರೆ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಯಾಗಿ ಕೊಂಡರೆ ಇಲ್ಲ. ಆದರೆ ಜೋಡಿಸುವ ವಿಧಾನವನ್ನು ಬರೆದು ಜೊತೆಗಿಟ್ಟರೆ ತೆರಿಗೆಯವರು ಬಿಡುತ್ತಿರಲಿಲ್ಲ. ಲೋಟಸ್‌ನವರು ಕಾರನ್ನು ಬಿಚ್ಚುವ ವಿಧಾನ ಬರೆದು ಕಳಿಸಿದರು, ಕೊಂಡವರು ಅದನ್ನು ಹಿಂದುಮುಂದಾಗಿ ಓದಿಕೊಂಡರು ಎಂಬ ಕಥೆ ಈಗಲೂ ಅಲ್ಲಿ ಚಾಲ್ತಿಯಲ್ಲಿದೆ. ನಿಜವೋ ಕಟ್ಟಿದ್ದೋ, ಕೇಳಲು ಚೆನ್ನಾಗಿದೆ.

1973ರಲ್ಲಿ ಈ ಕಾರಿನ ಹಕ್ಕು ಕೇಟರ್‌ಹ್ಯಾಮ್ ಎಂಬ ಕಂಪನಿಗೆ ಹೋಯಿತು. 1980ರ ದಶಕದಲ್ಲಿ ವೆಸ್ಟ್‌ಫೀಲ್ಡ್ ಎಂಬ ಇನ್ನೊಂದು ಕಂಪನಿ ಅದೇ ಮಾದರಿಯ ಕಾರು ಮಾಡತೊಡಗಿತು. ಕೇಟರ್‌ಹ್ಯಾಮ್‌ನವರು ಕಾನೂನಿನ ಮೆಟ್ಟಿಲು ಹತ್ತಿದರು, ವೆಸ್ಟ್‌ಫೀಲ್ಡ್‌ನವರು ವಿನ್ಯಾಸ ಬದಲಿಸಿ ಮುಂದುವರಿದರು. ದಾಯಾದಿಗಳ ಜಮೀನಿನ ಹಾಗೆ, ಹೊರಗಿನವರಿಗೆ ಎರಡೂ ಒಂದೇ ಕಾಣುತ್ತದೆ, ಒಳಗಿನವರಿಗೆ ಬದು ಗೊತ್ತು.

ಕವೆಂಟ್ರಿಯ ಹತ್ತಿರ ಸ್ಟೋನ್‌ಲೀ ಎಂಬಲ್ಲಿ ಆಗ ಮೇ ತಿಂಗಳ ಮೊದಲಲ್ಲಿ ಕಿಟ್ ಕಾರುಗಳ ದೊಡ್ಡ ಪ್ರದರ್ಶನ ನಡೆಯುತ್ತಿತ್ತು. ಮಗಳು ನಮ್ಮನ್ನು ಅಲ್ಲಿಗೆ ಕರೆದೊಯ್ದಳು. ಥೇಟ್ ನಮ್ಮ ದನದ ಜಾತ್ರೆಯೇ. ಹಲ್ಲು ಹಿಡಿದು ನೋಡುವ ಬದಲು ಬಾನೆಟ್ಟು ಎತ್ತಿ ನೋಡುತ್ತಾರೆ, ಅಷ್ಟೇ ವ್ಯತ್ಯಾಸ.

ಕೇಟರ್‌ಹ್ಯಾಮ್‌ನ ಚಿಕ್ಕ ಕಾರು, 160 ಎಂಬುದು, ನನ್ನ ಮನಸ್ಸು ಗೆದ್ದಿತು. ಅದರ ಎಂಜಿನ್ 660 ಸಿಸಿಯದು, ಸುಜುಕಿಯದು! ಮೂರು ಸಿಲಿಂಡರ್, ಟರ್ಬೊ, 80 ಕುದುರೆ ಶಕ್ತಿ. ನಮ್ಮ ಮಾರುತಿ 800ರ ನೆಂಟ ಎನ್ನಿ. ಕಾರಿನ ಒಟ್ಟು ತೂಕ 490 ಕಿಲೋ. ಗಂಟೆಗೆ 160 ಕಿಲೋಮೀಟರ್ ಓಡುತ್ತದಂತೆ. ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಅಲ್ಯೂಮಿನಿಯಂ ತಗಡು. ಪೆಡಲಿನ ಜಾಗ ಎಷ್ಟು ಇಕ್ಕಟ್ಟೆಂದರೆ ನನ್ನ ಬೂಟುಗಾಲು ಬ್ರೇಕು ತುಳಿದರೆ ಆಕ್ಸಿಲರೇಟರನ್ನೂ ತುಳಿಯುತ್ತಿತ್ತು. ಅದರ ಕಿಟ್ಟಿನಲ್ಲಿ ಎಲ್ಲವೂ ಹೊಸದು. ಪುಸ್ತಕ ನೋಡಿ ಜೋಡಿಸುತ್ತ ಹೋದರೆ ನೂರು ಗಂಟೆಯೊಳಗೆ ಮುಗಿಯುವ ಕೆಲಸವಂತೆ. ಎಲ್ಲಕ್ಕಿಂತ ಹೆಚ್ಚಾಗಿ, ಹತ್ತು ವರ್ಷ ಬಿಟ್ಟು ಮಾರಿದರೂ ಒಳ್ಳೆಯ ಬೆಲೆ ಸಿಗುವ ಹೆಸರು.

ವೆಸ್ಟ್‌ಫೀಲ್ಡ್‌ನವರ ಬಗೆ ಬೇರೆ. ಅವರ ಒಂದು ಕಿಟ್ಟಿಗೆ ನಾವೇ ಹಳೆಯ ಮಾಜ್ದಾ ಎಂಎಕ್ಸ್-5 ಕಾರೊಂದನ್ನು ಹುಡುಕಿ ತರಬೇಕು. ಈ ಮಾಜ್ದಾಗಳಿಗೆ ಮೈ ತುಕ್ಕು ಹಿಡಿದು ಹೋಗುತ್ತದೆ, ಎಂಜಿನ್ನು ಮಾತ್ರ ಗಟ್ಟಿಯಾಗಿರುತ್ತದೆ. ಅದರ ಎಂಜಿನ್ನು, ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು, ಬ್ರೇಕು, ವೈರಿಂಗು ಎಲ್ಲ ಬಿಚ್ಚಿ ವೆಸ್ಟ್‌ಫೀಲ್ಡ್‌ನ ಹೊಸ ಚೌಕಟ್ಟಿಗೆ ಕೂರಿಸಬೇಕು. ಮೇಲುಮೈ ಫೈಬರ್‌ಗ್ಲಾಸು. ತಗಡಾದರೆ ನೆಗ್ಗುತ್ತದೆ, ಇದು ಬಿರುಕು ಬಿಡುತ್ತದೆ. ಒಳಗೆ ಕಾಲಿಗೆ ಜಾಗ ತುಸು ಹೆಚ್ಚು. ಕೆಲಸಕ್ಕೆ ಮಾತ್ರ ಗಂಟೆಯ ಲೆಕ್ಕವಿಲ್ಲ, ಏಕೆಂದರೆ ಹದಿನೈದಿಪ್ಪತ್ತು ವರ್ಷದ ನಟ್ಟು ಎಷ್ಟು ಹೊತ್ತಿಗೆ ಸಡಿಲವಾಗುತ್ತದೆಂದು ಯಾವ ಪುಸ್ತಕವೂ ಹೇಳುವುದಿಲ್ಲ.

ಪ್ರದರ್ಶನದ ಅಂಗಳದಲ್ಲೇ ಚಹಾ ಕುಡಿಯುತ್ತ ನಾನು ತೀರ್ಪು ಕೊಟ್ಟೆ. "ಕೇಟರ್‌ಹ್ಯಾಮ್ ತಗೊಳಮ್ಮ. ಹಳೇ ಹೆಸರು. ಎಲ್ಲಾ ಹೊಸ ಸಾಮಾನು. ನಾಳೆ ಮಾರಿದ್ರೂ ಬೆಲೆ ಇರುತ್ತೆ."

ಅವಳು ಲೋಟ ಕೆಳಗಿಟ್ಟಳು. "ಕಂಪ್ಯೂಟರ್ ಸೈನ್ಸ್ ತಗೊಳ್ಳೋವಾಗ್ಲೂ ಇದೇ ಹೇಳಿದ್ರಿ ಅಪ್ಪ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ನನ್ನ ಹೆಂಡತಿ ಎದ್ದು ಇನ್ನೊಂದು ಬಿಸ್ಕತ್ತಿನ ಪೊಟ್ಟಣ ತರಲು ಹೋದಳು. ನಾವಿಬ್ಬರೇ ಕುಳಿತಿದ್ದೆವು. ಒಂಬತ್ತು ವರ್ಷ ತಡವಾಗಿ ನಾನು ಕೇಳಿದೆ: "ನಿಂಗೇನು ಇಷ್ಟ, ಓಡಿಸೋದೋ, ಕಟ್ಟೋದೋ?"

"ಬಿಚ್ಚೋದು" ಎಂದಳು.

ಅಲ್ಲಿಗೆ ಪ್ರಶ್ನೆಯೇ ಉಳಿಯಲಿಲ್ಲ. ನನ್ನನ್ನು ಕೇಳಿದರೆ ಈಗಲೂ ನೋಡಲು ಕೇಟರ್‌ಹ್ಯಾಮೇ ಅಂದ. ಭಾನುವಾರ ಬೆಳಿಗ್ಗೆ ಹೊರಟು ಗಾಳಿ ಕುಡಿದು ಬರಬೇಕೆನ್ನುವವರಿಗೆ ಅದೇ ಸರಿ. ಆದರೆ ಕೊಳ್ಳುತ್ತಿದ್ದವಳು ನಾನಲ್ಲವಲ್ಲ.

ಬಾಡಿಗೆಗೆ ಒಂದು ಗ್ಯಾರೇಜು ಹಿಡಿದು ಕೆಲಸ ಶುರುಮಾಡಿದಳು. ನಾವು ಊರಿಗೆ ಮರಳಿದ ಮೇಲೆ ವಿಡಿಯೋ ಕರೆ. ಅವಳ ಶನಿವಾರ ಮಧ್ಯಾಹ್ನ ನಮಗೆ ಸಂಜೆಯ ದೀಪ ಹಚ್ಚುವ ಹೊತ್ತು. ಮೊದಲ ತಪ್ಪು ಅವಳದೇ. ಉತ್ಸಾಹದಲ್ಲಿ ಮಾಜ್ದಾದ ವೈರುಗಳನ್ನೆಲ್ಲ ಚೀಟಿ ಅಂಟಿಸದೆ ಕಳಚಿಹಾಕಿದ್ದಳು. ಯಾವುದು ಎಲ್ಲಿಗೆ ಎಂದು ಒಂದೊಂದನ್ನೇ ಹುಡುಕುತ್ತ ಆ ಚಳಿಗಾಲವೇ ಮುಗಿಯಿತು. "ತಟ್ಟೇಲಿ ಸಾಲಾಗಿ ಇಡೋದು ಮರೆತುಬಿಟ್ಯಾ?" ಎಂದು ನಾನು ಬೈದೆ. ಬೈದು ಎಷ್ಟು ವರ್ಷವಾಗಿತ್ತೋ, ಇಬ್ಬರಿಗೂ ನಗು ಬಂತು.

ಕಟ್ಟಿದ ಮಾತ್ರಕ್ಕೆ ರಸ್ತೆಗೆ ಇಳಿಸುವಂತಿಲ್ಲ. ಒಂದೊಂದೇ ಕಾರನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಪದ್ಧತಿ ಅಲ್ಲಿದೆ, ಅದಕ್ಕೆ ಐವಿಎ ಎನ್ನುತ್ತಾರೆ. ಬ್ರೇಕು, ದೀಪ, ಹೊಗೆ, ಸದ್ದು ಎಲ್ಲ ನೋಡುತ್ತಾರೆ. ದಾರಿಹೋಕರಿಗೆ ತಾಗುವ ಜಾಗದಲ್ಲಿ ಚೂಪಾದ ಅಂಚು ಇರಬಾರದು, ಎರಡೂವರೆ ಮಿಲಿಮೀಟರಿನಷ್ಟಾದರೂ ದುಂಡಗಿರಬೇಕು. ಮಗಳ ಕಾರು ಮೊದಲ ಸಲ ಫೇಲಾಯಿತು. ಕನ್ನಡಿ ಹಿಡಿದಿದ್ದ ಒಂದು ಬೋಲ್ಟಿನ ತುದಿ ಹೊರಗೆ ಇಣುಕುತ್ತಿತ್ತು. ಪ್ಲಾಸ್ಟಿಕ್ ಟೋಪಿ ಹಾಕಿ ಮತ್ತೆ ಒಯ್ದಳು. 2019ರ ಬೇಸಿಗೆಯಲ್ಲಿ ನಂಬರು ಸಿಕ್ಕಿತು. ಕಾರು ಆರುನೂರು ಚಿಲ್ಲರೆ ಕಿಲೋ ತೂಗಿತಂತೆ.

2022ರಲ್ಲಿ ವೆಸ್ಟ್‌ಫೀಲ್ಡ್ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಸುದ್ದಿ ಹೇಳಲು ಅವಳೇ ಫೋನು ಮಾಡಿದಳು. 'ನಾನು ಅವತ್ತೇ ಹೇಳಿರಲಿಲ್ವಾ' ಎಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕಿಟಕಿಯಾಚೆ ಅಂಗಳದಲ್ಲಿ ಯೆಜ್ಡಿ ನಿಂತಿತ್ತು. ಸುಮ್ಮನಾದೆ. "ಒಳಗಿರೋದೆಲ್ಲಾ ಮಾಜ್ದಾ ಅಲ್ವಾ ಅಪ್ಪ, ಬಿಡಿಭಾಗ ಸಿಗುತ್ತೆ" ಎಂದು ಅವಳೇ ನನಗೆ ಧೈರ್ಯ ಹೇಳಿದಳು. ಮಾರಲು ಹೋದರೆ ಈಗ ಎಷ್ಟು ಬರುತ್ತದೋ, ಅವಳು ಕೇಳಿ ನೋಡಿಲ್ಲ. ಅಂದಹಾಗೆ, ಕೆಲಸ ಈಗಲೂ ಸಾಫ್ಟ್‌ವೇರೇ. ಸಂಬಳ ಒಳ್ಳೆಯದು, ಕಿಟ್ಟಿಗೆ ದುಡ್ಡು ಬಂದದ್ದೂ ಅದರಿಂದಲೇ. ಅದನ್ನು ಅವಳೂ ಒಪ್ಪುತ್ತಾಳೆ.

ಕಾರನ್ನು ಊರಿಗೆ ತರಬಹುದಲ್ಲ ಎಂದು ನೆಂಟರು ಕೇಳುತ್ತಾರೆ. ಮನೆಯಲ್ಲಿ ಕಟ್ಟಿದ ಒಂಟಿ ಕಾರಿಗೆ ನಮ್ಮಲ್ಲಿ ಆರ್‌ಟಿಒ ನಂಬರು ಸಿಗುವುದು ಕಷ್ಟ. ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಮಾದರಿಯನ್ನು ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆಯುವುದು ಕಾರ್ಖಾನೆಗಳಿಗೆ ಹೊಂದುವ ದಾರಿ, ಭಾನುವಾರದ ಮೆಕ್ಯಾನಿಕ್ಕಿಗಲ್ಲ. ಆದರೆ ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಇನ್ನೊಂದು ದಾರಿ ತೆರೆದಿದೆ. ಬಾಹಾ ಎಂಬ ಸ್ಪರ್ಧೆ 2007ರಿಂದ ಇದೆ. ಸುಪ್ರಾ, ಫಾರ್ಮುಲಾ ಭಾರತ್ ಆಮೇಲೆ ಬಂದವು. ಕಾಲೇಜಿನ ತಂಡವೇ ಹಗುರ ಕಾರನ್ನು ವಿನ್ಯಾಸ ಮಾಡಿ, ವೆಲ್ಡಿಂಗ್ ಮಾಡಿ, ಮುಚ್ಚಿದ ಅಂಗಳದಲ್ಲಿ ಓಡಿಸಿ ತೋರಿಸಬೇಕು. ಯಾವ ಬೈಕಿನ ಎಂಜಿನ್ನು ಹಾಕುವುದು ಎಂದು ಅಲ್ಲೂ ರಾತ್ರಿಯಿಡೀ ಜಗಳವಾಗುತ್ತದಂತೆ. ಪಿಯುಸಿ ಮಕ್ಕಳು ಕಾಲೇಜು ನೋಡಲು ಹೋದಾಗ ಪ್ಲೇಸ್‌ಮೆಂಟ್ ಪಟ್ಟಿಯ ಜೊತೆಗೆ ವರ್ಕ್‌ಶಾಪಿನ ಬಾಗಿಲನ್ನೂ ತೆಗೆಸಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಕೆಲವು ಕಡೆ ಬೀಗಕ್ಕೇ ತುಕ್ಕು ಹಿಡಿದಿರುತ್ತದೆ.

2023ರ ಮಾರ್ಚಿನಲ್ಲಿ ಹೊಸ ಎಕ್ಸ್‌ಪ್ರೆಸ್ ಹೆದ್ದಾರಿಯ ಉದ್ಘಾಟನೆ ನಮ್ಮ ಗೆಜ್ಜಲಗೆರೆಯಲ್ಲೇ ನಡೆಯಿತು. ಅದೇ ಆಗಸ್ಟಿನಿಂದ ಅದರ ಮೇಲೆ ಬೈಕುಗಳಿಗೆ ಪ್ರವೇಶವಿಲ್ಲ. ಮಗಳು ರಜಕ್ಕೆ ಬಂದಾಗ ಯೆಜ್ಡಿ ಹತ್ತಿ ಸರ್ವೀಸ್ ರಸ್ತೆಯಲ್ಲೇ ಮದ್ದೂರಿಗೆ ಹೋಗಿ ವಡೆ ಕಟ್ಟಿಸಿಕೊಂಡು ಬಂದಳು. ಕ್ಲಚ್ಚು ಜಾರುತ್ತಿದೆ, ಪ್ಲೇಟು ಬದಲಿಸಿ ಎಂದು ಹೇಳಿ ಹೋಗಿದ್ದಾಳೆ.

ಮೊನ್ನೆ ನಮ್ಮ ಬೀದಿಯವರೊಬ್ಬರು ಬಂದಿದ್ದರು. "ಮೇಷ್ಟ್ರೇ, ಹುಡುಗನದು ಸಿಇಟಿ ರ‍್ಯಾಂಕ್ ಬಂದದೆ. ಕಂಪ್ಯೂಟ್ರಿಗೆ ಹಾಕನಾ, ಬ್ಯಾರೆ ಏನಾರ ನೋಡನಾ? ನೀವೇ ಒಂದು ಮಾತು ಹೇಳ್ಬುಡಿ" ಎಂದರು. ಹುಡುಗ ಅವರ ಹಿಂದೆ ನಿಂತು ಯೆಜ್ಡಿಯ ಎರಡು ಸೈಲೆನ್ಸರುಗಳನ್ನು ನೋಡುತ್ತಿದ್ದ. ಭಾನುವಾರ ಬೆಳಿಗ್ಗೆ ಅವನನ್ನು ಇತ್ತ ಕಳಿಸಿ, ಕ್ಲಚ್ಚು ಬಿಚ್ಚುವುದಿದೆ, ತಟ್ಟೆ ಹಿಡಿಯಲು ಒಬ್ಬರು ಬೇಕು ಎಂದೆ.