ಬೇಲಿ ಹಾರಿದ ಹೂವು

ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟ ಬಸ್ಸು ಹನೂರು ದಾಟಿ, ಕೌದಳ್ಳಿಯಲ್ಲಿ ಒಂದಿಷ್ಟು ಜನರನ್ನು ಇಳಿಸಿ, ಒಂದಿಷ್ಟು ಜನರನ್ನು ತುಂಬಿಕೊಂಡು ಮುಂದೆ ಸಾಗುವ ಹೊತ್ತಿಗೆ ಕಿಟಕಿಯ ಪಕ್ಕದ ಸೀಟಿಗಾಗಿ ಮಕ್ಕಳ ಜಗಳ ಶುರುವಾಗಿರುತ್ತದೆ. ಮಳೆಗಾಲ ಮುಗಿಯುವ ದಿನಗಳಲ್ಲಂತೂ ಈ ಜಗಳಕ್ಕೆ ಕಾರಣವಿದೆ. ರಸ್ತೆಯ ಎರಡೂ ಬದಿ ಹೂವೋ ಹೂವು. ಹಳದಿ, ಕಿತ್ತಳೆ, ಗುಲಾಬಿ, ನೇರಳೆ ಬಣ್ಣಗಳೆಲ್ಲ ಒಂದೇ ಪುಟ್ಟ ಗೊಂಚಲಲ್ಲಿ ಕುಳಿತಿರುತ್ತವೆ. ಅವುಗಳ ಮೇಲೆ ಚಿಟ್ಟೆಗಳ ಹಿಂಡು. 'ಎಷ್ಟು ಚೆನ್ನಾಗಿದೆ!' ಎಂದು ಪಟ್ಟಣದ ಮಕ್ಕಳು ಕೂಗಿದರೆ, ಹಿಂದಿನ ಸೀಟಿನಲ್ಲಿ ಕುಳಿತ ಊರಿನ ರೈತ ಮುಖ ತಿರುಗಿಸುತ್ತಾನೆ. ಆ ಹೂವಿನ ಹಿಂದೆ ಅವನ ಹೊಲವಿತ್ತು.

ಈ ಗಿಡಕ್ಕೆ ಓದಿದವರು ಲಂಟಾನ ಎನ್ನುತ್ತಾರೆ. ಹಳ್ಳಿಗಳಲ್ಲಿ ಊರಿಗೊಂದು ಹೆಸರು: ರೋಜದ ಗಿಡ, ಚದುರಂಗ, ಲಂಟವಾಣ, ನಾತದ ಹೂವು. ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿದವರಿಗೆ ಕೊನೆಯ ಹೆಸರು ಯಾಕೆ ಬಂತೆಂದು ಹೇಳಬೇಕಾಗಿಲ್ಲ.

ಗೊಂಚಲಲ್ಲಿ ಹಲವು ಬಣ್ಣ ಇರುವುದರ ಹಿಂದೆ ಒಂದು ಜಾಣತನವಿದೆ. ಈಗಷ್ಟೇ ಅರಳಿದ ಹೂವು ಹಳದಿ. ಅದರಲ್ಲಿ ಮಕರಂದ ಉಂಟು. ಪರಾಗಸ್ಪರ್ಶ ಆದ ಹೂವು ಉದುರದೆ ಬಣ್ಣ ಬದಲಿಸಿ ಅಲ್ಲೇ ಉಳಿಯುತ್ತದೆ. ದೂರದ ಚಿಟ್ಟೆಗೆ ಗೊಂಚಲು ದೊಡ್ಡದಾಗಿ ಕಾಣಬೇಕು, ಹತ್ತಿರ ಬಂದ ಮೇಲೆ ಅದು ನೇರವಾಗಿ ಹಳದಿ ಹೂವಿಗೇ ಹೋಗಬೇಕು! ಶಾಲೆಯ ಮಕ್ಕಳು ಒಂದು ಗೊಂಚಲಿಗೆ ದಾರ ಕಟ್ಟಿ ಎರಡು ಮೂರು ದಿನ ನೋಡಿದರೆ ಪುಸ್ತಕವಿಲ್ಲದೆಯೇ ಈ ಪಾಠ ತಿಳಿಯುತ್ತದೆ. ಕಾಯಿ ಮಾತ್ರ ಬಾಯಿಗೆ ಹಾಕಬಾರದು. ಕಪ್ಪಗೆ ಹಣ್ಣಾದುದನ್ನು ದನ ಕಾಯುವ ಹುಡುಗರು ತಿನ್ನುವುದುಂಟು, ಆದರೆ ಹಸಿರು ಕಾಯಿ ವಿಷ. ದನಕರುಗಳು ಹಸಿವಿಗೆ ಇದರ ಎಲೆ ಮೇಯ್ದರೆ ಪಿತ್ತಕೋಶ ಕೆಟ್ಟು ಕಾಮಾಲೆಯಾಗಿ, ಬಿಸಿಲಿಗೆ ಮೈಯೊಡ್ಡಲಾರದೆ ಚರ್ಮ ಬಿರಿದು ನರಳುತ್ತವೆ. ಮೇವೂ ಅಲ್ಲ, ಗೊಬ್ಬರಕ್ಕೆಂದು ಹಾಕಿದ ಸೊಪ್ಪೂ ಅಲ್ಲ.

ಹುಟ್ಟೂರು ಅಮೆರಿಕ ಖಂಡದ ಉಷ್ಣ ಪ್ರದೇಶ. ಅಲ್ಲಿಂದ ಯೂರೋಪಿನ ತೋಟಗಳಿಗೆ ಹೋಗಿ, ಹೊಸ ಹೊಸ ಬಣ್ಣಗಳ ತಳಿಯಾಗಿ, 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿಳಿಯಿತು. ಅಂದಿನ ಬಿಳಿಯರ ಬಂಗಲೆಗಳಿಗೆ ಚೆಂದದ ಬೇಲಿ ಬೇಕಿತ್ತು. ಬೇಲಿ ಹಾರಿದ ಗಿಡ ಮತ್ತೆ ಒಳಗೆ ಬರಲಿಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ದೇಶದ ಹುಲಿ ನೆಲೆಯ ಕಾಡುಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ಪ್ರದೇಶವನ್ನು ಇದು ಹೊಕ್ಕಿದೆ.

ಕಾಡಿನ ಕಥೆ ಹಾಗಿರಲಿ, ತಾಳುಬೆಟ್ಟದ ಕೆಳಗಿನ ಹೊಲಗಳಿಗೆ ಬರೋಣ. ಇಲ್ಲಿನ ಬೇಸಾಯ ಮಳೆಯನ್ನೇ ನಂಬಿದ್ದು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು, ಸಾಸಿವೆ. ಹಿಂಗಾರಿಗೆ ಹುರುಳಿ. ತೆನೆ ಹಾಲುಗಟ್ಟುವಾಗ ಹಂದಿ ಬರುತ್ತದೆ, ಕೆಲವೊಮ್ಮೆ ಆನೆಯೂ ಬರುತ್ತದೆ. ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಡಬ್ಬ ಬಡಿದು ಕಾಯಲು ಮನೆಯಲ್ಲಿ ಗಂಡಾಳುಗಳು ಬೇಕು. ಮಕ್ಕಳು ಓದಿಗೆ ಊರು ಬಿಟ್ಟರು, ದುಡಿಯುವವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ತಮಿಳುನಾಡಿನ ಕಡೆಗೋ ಹೋದರು. 'ಈ ವರ್ಷ ಒಂದು ಸಲ ಬೀಳು ಬಿಡೋಣ, ಮುಂದಿನ ವರ್ಷ ನೋಡಿಕೊಳ್ಳೋಣ' ಎಂದು ಯಜಮಾನ ಹೇಳುತ್ತಾನೆ. ಆ ಮಾತು ಲಂಟಾನಕ್ಕೆ ಕೇಳಿಸಿರಬೇಕು!

ಮೊದಲ ವರ್ಷ ಬದುವಿನ ಮರದ ಕೆಳಗೆ ನಾಲ್ಕು ಸಸಿ. ಪಿಕಳಾರ ಹಕ್ಕಿ ಹಣ್ಣು ತಿಂದು ಕೊಂಬೆಯ ಮೇಲೆ ಕುಳಿತು ಉದುರಿಸಿದ ಬೀಜ ಅದು. ಎರಡನೆಯ ವರ್ಷ ಮೊಣಕಾಲೆತ್ತರ. ಮೂರು ನಾಲ್ಕು ಮಳೆ ಕಳೆಯುವಷ್ಟರಲ್ಲಿ ಆಳೆತ್ತರದ ಪೊದೆ, ಒಳಗೆ ಕೈ ಹಾಕಲಾರದಷ್ಟು ಮುಳ್ಳು. ಆಗ ಹಂದಿಗಳಿಗೆ ಕಾಡಿನಿಂದ ಬರುವ ಶ್ರಮವೂ ಇಲ್ಲ, ಪೊದೆಯಲ್ಲೇ ಮರಿ ಹಾಕಿಕೊಂಡು ಪಕ್ಕದವನ ರಾಗಿಗೆ ಇಳಿಯುತ್ತವೆ. ಪಕ್ಕದವನೂ ಸೋತು ಬೀಳು ಬಿಡುತ್ತಾನೆ. ಹೀಗೆ ಒಬ್ಬನ ಬೀಳು ಇನ್ನೊಬ್ಬನ ಬೀಳನ್ನು ಹುಟ್ಟಿಸುತ್ತದೆ. ಪಹಣಿಯಲ್ಲಿ ಮಾತ್ರ ಎಲ್ಲರ ಜಮೀನೂ ಭದ್ರವಾಗಿರುತ್ತದೆ. ಇಂಥ ಪೊದೆಗಳ ನಡುವಿನ ಕಾಲುದಾರಿಯಲ್ಲೇ ಮಕ್ಕಳು ಶಾಲೆಗೆ ನಡೆಯಬೇಕಾದಾಗ ತಾಯಂದಿರ ಎದೆ ಡವಗುಟ್ಟುವುದು ಸಹಜ. ಹತ್ತು ಹೆಜ್ಜೆ ಆಚೆ ನಿಂತ ಆನೆಯೂ ಲಂಟಾನದೊಳಗೆ ಕಾಣುವುದಿಲ್ಲ.

ಇದನ್ನು ತೆಗೆಯುವುದು ಹೇಗೆ? ಹಬ್ಬಕ್ಕೆ ಊರಿಗೆ ಬಂದ ಮಗ ಮಚ್ಚು ಹಿಡಿದು ಒಂದು ದಿನದಲ್ಲಿ ಅರ್ಧ ಎಕರೆ ಸವರಿ, ಬೆಂಕಿ ಹಾಕಿ, ಹೆಮ್ಮೆಯಿಂದ ಬಸ್ಸು ಹತ್ತುತ್ತಾನೆ. ಮುಂದಿನ ಹಬ್ಬಕ್ಕೆ ಬಂದಾಗ ಒಂದು ಕಾಂಡವಿದ್ದ ಕಡೆ ಎಂಟು ಹತ್ತು ಕಾಂಡ ಎದ್ದಿರುತ್ತವೆ. ಜೆ.ಸಿ.ಬಿ. ಯಂತ್ರ ತರಿಸುವವರೂ ಇದ್ದಾರೆ. ಯಂತ್ರ ಗಿಡವನ್ನು ಕೀಳುತ್ತದೆ ನಿಜ, ಜೊತೆಗೆ ಮೇಲ್ಮಣ್ಣನ್ನೂ ಕಲಸಿ ಹಾಕುತ್ತದೆ. ಬೆಳಕು ಕಂಡ ಹಳೆಯ ಬೀಜಗಳೆಲ್ಲ ಮೊದಲ ಮಳೆಗೇ ಮೊಳೆಯುತ್ತವೆ. ಕೀಟಗಳ ಮೂಲಕ ಮಣಿಸುವ ಯತ್ನ ಇಂದಿನದಲ್ಲ. 1921ರಲ್ಲೇ ಬೀಜ ತಿನ್ನುವ ಪುಟ್ಟ ನೊಣವೊಂದನ್ನು ಬೆಂಗಳೂರಿಗೆ ತರಿಸಲಾಗಿತ್ತು. 1941ರಲ್ಲಿ ಎಲೆಯ ರಸ ಹೀರುವ ತಿಗಣೆಯೊಂದು ಆಸ್ಟ್ರೇಲಿಯದಿಂದ ಡೆಹ್ರಾಡೂನಿಗೆ ಬಂತು. ಲಂಟಾನವೇನೂ ಬಗ್ಗಲಿಲ್ಲ.

ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನ ಕೇಳಲು ತೀರಾ ಸರಳ. ಕಾಂಡ ಬೇರಿಗೆ ಸೇರುವ ಜಾಗದಲ್ಲೇ ಈ ಗಿಡದ ಜೀವ ಇದೆ, ಮತ್ತೆ ಚಿಗುರೊಡೆಯುವುದು ಅಲ್ಲಿಂದಲೇ. ಆದ್ದರಿಂದ ನೆಲಮಟ್ಟದಲ್ಲಿ ಕಡಿದರೆ ಉಪಯೋಗವಿಲ್ಲ. ಮಣ್ಣು ಸರಿಸಿ, ಆ ಗಂಟಿನ ಕೆಳಗೆ, ನಾಲ್ಕೈದು ಸೆಂಟಿಮೀಟರು ಆಳದಲ್ಲಿ ತಾಯಿಬೇರನ್ನೇ ಉದ್ದ ಹಿಡಿಯ ಗುದ್ದಲಿಯಿಂದ ಕತ್ತರಿಸಬೇಕು. ಬಳಿಕ ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ನಿಲ್ಲಿಸಿ ಒಣಗಲು ಬಿಡಬೇಕು. ಮಲಗಿಸಿದರೆ ನೆಲ ತಾಗಿದ ಗೆಣ್ಣಿನಿಂದ ಬೇರು ಬಿಟ್ಟೀತು! ಕಾಯಿ ಹಣ್ಣಾಗುವ ಮೊದಲೇ, ಮಳೆಯಿಂದ ನೆಲ ಮೆದುವಾಗಿರುವಾಗಲೇ ಈ ಕೆಲಸ ಆಗಬೇಕು.

ಅಲ್ಲಿಗೆ ಮುಗಿಯಿತೆಂದು ತಿಳಿದವರೇ ಹೆಚ್ಚಾಗಿ ಸೋಲುವುದು. ಹಕ್ಕಿ ಕೂರುವ ಮರಗಳ ಬುಡದಲ್ಲಿ ಮರುವರ್ಷ ಸಸಿಗಳು ಏಳುತ್ತವೆ. ಅವನ್ನು ಎಳೆಯದಿರುವಾಗ ಕೈಯಿಂದಲೇ ಕೀಳಬಹುದು, ಆದರೆ ಎರಡು ಮೂರು ವರ್ಷ ಬಿಡದೆ ಕೀಳಬೇಕು. ನೆಲವನ್ನು ಬರಿದಾಗಿ ಬಿಡುವಂತೆಯೂ ಇಲ್ಲ. ಹುರುಳಿ ಎರಚಿದರೆ ಬಳ್ಳಿ ಹಬ್ಬಿ ನೆಲ ಮುಚ್ಚುತ್ತದೆ, ಕಾಳಿನ ಜೊತೆ ಮೇವೂ ಸಿಗುತ್ತದೆ. ಬಿತ್ತುವ ಮನಸ್ಸಿಲ್ಲದವರು ಹುಲ್ಲನ್ನಾದರೂ ಬರಗೊಡಬೇಕು. ರಾತ್ರಿ ಕಾವಲು ಕಾಯಲಾಗದ ಮುದುಕರೂ ಹುಲ್ಲು ಕೊಯ್ದು ಎರಡು ಹಸು ಸಾಕಬಲ್ಲರು.

ಈ ಬೆಟ್ಟಗಳ ಸೋಲಿಗರಿಗೆ ಲಂಟಾನದ ಬಗ್ಗೆ ಬೇರೆಯೇ ವಿವರಣೆಯಿದೆ. ಹಿಂದೆ ಬೇಸಿಗೆ ಬಲಿಯುವ ಮುನ್ನ ಅವರು ಕಾಡಿನಲ್ಲಿ 'ತರಗು ಬೆಂಕಿ' ಹಾಕುತ್ತಿದ್ದರು. ಒಣಗಿದ ತರಗೆಲೆ ಮಾತ್ರ ಉರಿದು ಹೋಗುವ, ಮೊಣಕಾಲೆತ್ತರ ಮೀರದ ಬೆಂಕಿ. ಅದರಿಂದ ಲಂಟಾನದ ಸಸಿಗಳು ಸಾಯುತ್ತಿದ್ದವು, ಹುಲ್ಲು ಚಿಗುರುತ್ತಿತ್ತು, ನೆಲ್ಲಿ ಮರಕ್ಕೆ ಹತ್ತುವ ಉಪ್ಪಿಲು ಎಂಬ ಬಂದಳಿಕೆಯೂ ಹತೋಟಿಯಲ್ಲಿತ್ತು ಎಂದು ಹಿರಿಯರು ಹೇಳುತ್ತಾರೆ. ವನ್ಯಜೀವಿ ಕಾಯಿದೆ ಬಂದ ಮೇಲೆ ಬೆಂಕಿ ನಿಂತಿತು. ನೆರೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 1997 ಮತ್ತು 2008ರಲ್ಲಿ ನಡೆಸಿದ ಸಮೀಕ್ಷೆಗಳನ್ನು ಹೋಲಿಸಿದಾಗ ಲಂಟಾನವಿರುವ ಜಾಗಗಳು ಸುಮಾರು ಎರಡು ಪಟ್ಟಾಗಿದ್ದವು. ಬೆಂಕಿಯೊಂದೇ ಕಾರಣವೇ ಎಂಬ ಬಗ್ಗೆ ಚರ್ಚೆಯಿದೆ. ಆದರೆ ಕಾಡನ್ನು ಕಣ್ಣಾರೆ ನೋಡುತ್ತ ಬೆಳೆದವರ ಮಾತನ್ನು ವಿಜ್ಞಾನಿಗಳು ಕೇಳತೊಡಗಿದ್ದೇ ತಡವಾಗಿ ಎಂಬುದರಲ್ಲಿ ಅನುಮಾನವಿಲ್ಲ. ಈಗಂತೂ ಆಳೆತ್ತರದ ಒಣ ಲಂಟಾನಕ್ಕೆ ಕಿಡಿ ತಾಗಿದರೆ ಅದು ತರಗು ಬೆಂಕಿಯಾಗಿ ಉಳಿಯದು, ಮರದ ತಲೆಯನ್ನೇ ಹಿಡಿಯುತ್ತದೆ. ಊರ ಹೊಲದಲ್ಲೂ ಆ ಸಾಹಸ ಬೇಡ.

ಬೆಟ್ಟದ ಮೇಲೆ ಈ ಗಿಡ ಒಂದಿಷ್ಟು ಮನೆಗಳಿಗೆ ಅನ್ನವನ್ನೂ ಕೊಟ್ಟಿದೆ. ಬಿದಿರು ವಿರಳವಾಗಿ ಬುಟ್ಟಿ ಹೆಣೆಯುವವರ ಕೈ ಖಾಲಿಯಾದಾಗ, ಬೆಂಗಳೂರಿನ ಏಟ್ರೀ ಸಂಸ್ಥೆ 2004ರ ಸುಮಾರಿಗೆ ಇಲ್ಲಿ ಲಂಟಾನದ ಕರಕುಶಲ ತರಬೇತಿ ಆರಂಭಿಸಿತು. ಉದ್ದನೆಯ ಕಡ್ಡಿಗಳನ್ನು ದೊಡ್ಡ ಕೊಳಗದಲ್ಲಿ ಕುದಿಸಿದರೆ ಸಿಪ್ಪೆ ಸುಲಭವಾಗಿ ಬಿಡುತ್ತದೆ, ಕಡ್ಡಿ ಬೆತ್ತದಂತೆ ಬಳುಕುತ್ತದೆ. ದಪ್ಪ ಕಾಂಡ ಕುರ್ಚಿಯ ಚೌಕಟ್ಟಿಗೆ, ಸಣ್ಣದು ಹೆಣಿಗೆಗೆ. ದನಕ್ಕೆ ಬೇಡದ ಆ ಕಹಿ ಗೆದ್ದಲಿಗೂ ಬೇಡ! ನೀಲಗಿರಿಯ ಗೂಡಲೂರಿನಲ್ಲಿ ಬುಡಕಟ್ಟು ಜನ ಇದೇ ಕಡ್ಡಿಯಿಂದ ಕಟ್ಟಿದ ಆಳೆತ್ತರದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ, 2024ರಲ್ಲಿ ಅಮೆರಿಕದಲ್ಲಿ ನಿಂತು ಜನರನ್ನು ಬೆರಗುಗೊಳಿಸಿದವು. ಆದರೆ ಎಷ್ಟು ಕುರ್ಚಿ, ಎಷ್ಟು ಆನೆ ಮಾಡಿದರೂ ಮುಗಿಯುವ ಸರಕೇ ಇದು? ಕುರ್ಚಿಗೆ ಬೇಕಾದದ್ದು ನೇರವಾದ ಒಳ್ಳೆಯ ಕಡ್ಡಿ. ಬೀಳು ಹೊಲದಲ್ಲಿ ಸಿಕ್ಕುಸಿಕ್ಕಾಗಿ ಬೆಳೆದ ಪೊದೆಯನ್ನು ಕೊಳ್ಳಲು ಯಾರೂ ಬರುವುದಿಲ್ಲ, ಅದನ್ನು ಹೊಲದವನೇ ತೆಗೆಯಬೇಕು.

ಕೌದಳ್ಳಿ ಸೀಮೆಯಲ್ಲಿ ಮತ್ತೆ ಹಸನಾದ ಹೊಲಗಳನ್ನು ಗುರುತಿಸುವುದು ಕಷ್ಟವಲ್ಲ. ನಡುವೆ ಹುರುಳಿ ಹಸಿರಾಗಿ ಹಬ್ಬಿರುತ್ತದೆ, ಮೂಲೆಯಲ್ಲಿ ತಲೆಕೆಳಗಾಗಿ ಒಣಗಿದ ಪೊದೆಗಳು ಒಲೆಗೆ ಸೌದೆಯಾಗಲು ಕಾದಿರುತ್ತವೆ. ಬದುವಿನಾಚೆಗೆ ಮಾತ್ರ ಹಳದಿ, ಗುಲಾಬಿ ಹೂಗಳ ಗೋಡೆ. ಅದು ಊರಲ್ಲಿಲ್ಲದ ದಾಯಾದಿಯ ಜಮೀನು. ಅವನ ಒಪ್ಪಿಗೆಯಿಲ್ಲದೆ ಅಲ್ಲಿ ಗುದ್ದಲಿ ಹಾಕಿದರೆ ನಾಳೆ ಜಗಳ, ಹಾಕದಿದ್ದರೆ ಮುಂದಿನ ಮಳೆಗೆ ಬೀಜ ಈಚೆಗೆ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಅವನು ಬಂದೇ ಬರುತ್ತಾನೆ, ಆಗ ಕೂರಿಸಿ ಮಾತಾಡಬೇಕೆಂದು ಈಚೆಯ ಮನೆಯವರು ಕಾದಿರುತ್ತಾರೆ.